ಬಾಯಮ್ಮನ ಗೋದಲಿಗೆ ನಾನು ಕಾವಲು

ನಾನು ಒಮ್ಮೆ ನಿಶ್ಚಯ ಮಾಡಿದೆನೆಂದರೆ ಮುಗಿಯಿತು! ನಮ್ಮ ಮನೆಯ ಗೋಡೆಗಳಿಗೂ ಅದು ಗೊತ್ತು. ಗೊತ್ತಿದ್ದೇ ಅವು ನಗುವುದು ಎಂದು ನನ್ನ ಹೆಂಡತಿ ಸ್ವರ್ಣಲತಾ ಹೇಳುತ್ತಾಳೆ. ಅದಿರಲಿ. ಕಳೆದ ಡಿಸೆಂಬರ್ ಒಂದನೇ ತಾರೀಕು ಬೆಳ್ತಂಗಡಿಯ ಆಫೀಸಿನಿಂದ ಬಿ.ಸಿ.ರೋಡಿನ ಬಾಡಿಗೆ ಮನೆಗೆ ಬಂದವನೇ, ಚಪ್ಪಲಿಯನ್ನೂ ಕಳಚದೆ, ಲೈಬ್ರರಿಯಿಂದ ತಂದ ಕ್ರಿಸ್‌ಮಸ್ ಕಥೆಗಳ ಪುಸ್ತಕವೊಂದನ್ನು ತಲೆಯ ಮೇಲೆ ಎತ್ತಿ ಹಿಡಿದು ಘೋಷಿಸಿದೆ.

“ಇವತ್ತಿನಿಂದ ಕ್ರಿಸ್‌ಮಸ್‌ವರೆಗೆ ಈ ಮನೆಯಲ್ಲಿ ಸಂಜೆ ಮೊಬೈಲ್ ಇಲ್ಲ! ಇಪ್ಪತ್ತೈದು ದಿನ, ಇಪ್ಪತ್ತೈದು ಕಥೆ! ಓದುವವನು ನಾನು!”

ಏಳು ವರ್ಷದ ಪ್ರಾಪ್ತಿ ಪುಸ್ತಕ ಕಸಿದುಕೊಳ್ಳಲು ಹಾರಿದಳು. ಐದು ವರ್ಷದ ರಂಜಿತ್ ನನ್ನ ಕಾಲಿಗೆ ಜೋತುಬಿದ್ದ.

“ದಿನಕ್ಕೆ ಒಂದೇ ಕಥೆ! ಮುಂದಿನ ಪುಟ ಕದ್ದು ನೋಡಿದವರಿಗೆ ಬಾಯಮ್ಮನ ಮನೆಯ ನೆವ್ರಿ ಇಲ್ಲ!” ಎಂದು ಕಾನೂನನ್ನೂ ಜಾರಿ ಮಾಡಿಬಿಟ್ಟೆ.

ಈ ಉತ್ಸಾಹದ ಮೂಲ ಪಕ್ಕದ ಮನೆಯ ಲೆತೀಸಿಯಾ ಬಾಯಮ್ಮ. ನಾವು ಜೂನ್‌ನಲ್ಲಷ್ಟೇ ಈ ಮನೆಗೆ ಬಂದವರು. ಬಂದ ದಿನವೇ ಚಹಾ ತಂದುಕೊಟ್ಟ ಮಹಾತಾಯಿ ಅವರು. ಡಿಸೆಂಬರ್ ಹತ್ತಿರ ಬಂದದ್ದೇ ತಡ, ನಮ್ಮ ಮಕ್ಕಳನ್ನು ಕೂರಿಸಿಕೊಂಡು ಹಬ್ಬದ ತಿಂಡಿ ಕರಿಯಲು ಶುರು ಮಾಡಿದರು. ಅರ್ಧಚಂದ್ರದ ಹಾಗಿನ ಗರಿಗರಿ ನೆವ್ರಿ, ಒಳಗೆ ಎಳ್ಳು, ತೆಂಗಿನಕಾಯಿ, ಸಕ್ಕರೆ! ಆಮೇಲೆ ಜಗಲಿಯಲ್ಲಿ ಗೋದಲಿ ಕಟ್ಟಿದರು. ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ರೂಪ ಅದು. ಮೇರಿಯಮ್ಮ, ಜೋಸೆಫ್, ದನ, ಕುರಿ, ಮೂವರು ಜ್ಞಾನಿಗಳು, ನಡುವೆ ಹುಲ್ಲು ತುಂಬಿದ ತೊಟ್ಟಿ. ಸುತ್ತಲಿನ ಗದ್ದೆಗೆ ತಟ್ಟೆಗಳಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸುವ ಕೆಲಸ ನನ್ನ ಮಕ್ಕಳಿಗೆ. ಯಾರ ಮಕ್ಕಳು ಎಂದು ನೋಡದೆ ತನ್ನ ಹಬ್ಬದೊಳಕ್ಕೆ ಎಳೆದುಕೊಳ್ಳುವ ಆ ಹೆಂಗಸನ್ನು ನೋಡಿದರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಇಪ್ಪತ್ತನೇ ತಾರೀಕು ಬಾಯಮ್ಮ ಗಡಿಬಿಡಿಯಲ್ಲಿ ಬಂದರು. ನೆರಿಯದಲ್ಲಿರುವ ತಂಗಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಂತೆ.

“ನಾನು ಇಪ್ಪತ್ತನಾಲ್ಕಕ್ಕೆ ಬರ್ತೇನೆ ಮಾರಾಯ್ರೇ. ನನ್ನ ಗಂಡನೂ ಕೆಲಸದ ಮೇಲೆ ಹೊರಗೆ ಇದ್ದಾರೆ, ಹಬ್ಬಕ್ಕೇ ಬರುವುದು. ರಾಗಿಗೆ ಸ್ವಲ್ಪ ನೀರು ಹಾಕಿ ಆಯ್ತಾ? ಬೊಂಬೆಗಳು ನನ್ನ ಅಮ್ಮನ ಕಾಲದ್ದು. ಜಾಗ್ರತೆ,” ಎಂದು ಗ್ರಿಲ್ ಹಾಕಿದ ಜಗಲಿಯ ಬೀಗದ ಕೈಯನ್ನು ನನಗೆ ಕೊಟ್ಟರು.

“ನೀವು ನಿಶ್ಚಿಂತೆಯಿಂದ ಹೋಗಿ ಬಾಯಮ್ಮ! ನಾನಿದ್ದೇನೆ!”

ಸ್ವರ್ಣಲತಾ ನನ್ನನ್ನೊಮ್ಮೆ ನೋಡಿದಳು. ಅವಳು ಹಾಗೆ ನೋಡಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಅಂದಿನಿಂದ ಕಥೆಯ ವೇದಿಕೆ ಬಾಯಮ್ಮನ ಜಗಲಿಗೆ ಸ್ಥಳಾಂತರವಾಯಿತು. ಇಪ್ಪತ್ತಮೂರನೇ ತಾರೀಕಿನ ಕಥೆಯಲ್ಲಂತೂ ನಾನು ನನ್ನನ್ನೇ ಮೀರಿಸಿದೆ. ಕತ್ತೆಯ ಮೇಲೆ ಮೇರಿಯಮ್ಮ, ಊರಿಡೀ ಅಲೆದರೂ ಸಿಗದ ಕೋಣೆ! ಮಕ್ಕಳ ಕಣ್ಣುಗಳು ಪಿಳಿಪಿಳಿ. “ಆಗ ಆ ತಾಯಿ ತನ್ನ ಕಂದನನ್ನು ಎಲ್ಲಿ ಮಲಗಿಸಿದಳು? ಇಗೋ! ಇಲ್ಲಿ!” ಎಂದು ಗುಡುಗಿ ತೊಟ್ಟಿಗೆ ಬೆರಳು ತೋರಿಸಿದೆ.

ರಂಜಿತ್ ಬಗ್ಗಿ ನೋಡಿದ. “ಎಲ್ಲಿ ಉಂಟು ಪಾಪು?”

ನಾನೂ ಬಗ್ಗಿದೆ. ತೊಟ್ಟಿಯಲ್ಲಿ ಹುಲ್ಲು ಮಾತ್ರ!

ಅಮ್ಮನ ಕಾಲದ ಬೊಂಬೆ! ಅದೂ ಹಬ್ಬದ ಮುಖ್ಯ ಅತಿಥಿ! ಬೀಗದ ಕೈ ಇದ್ದದ್ದು ನನ್ನ ಕಿಸೆಯಲ್ಲಿ! ರಂಜಿತನ ಚಡ್ಡಿಯ ಜೇಬು ತಡಕಿದೆ. ಎರಡು ಗೋಲಿ, ಅರ್ಧ ಬಿಸ್ಕತ್ತು. ಹುಲ್ಲು ಕೆದಕಿದೆ, ಕುರಿಗಳನ್ನು ಎತ್ತಿದೆ, ರಾಗಿಯ ತಟ್ಟೆ ಸರಿಸಹೋಗಿ ಮಗುಚಿಹಾಕಿದೆ. ಗದ್ದೆಯ ನೀರೆಲ್ಲ ಒಬ್ಬ ಜ್ಞಾನಿಯ ಮೇಲೆ ಹರಿದು ಅವನ ಬಣ್ಣ ನನ್ನ ಬಿಳಿ ಅಂಗಿಗೆ ಬಂತು!

ಪ್ರಾಪ್ತಿ ಪುಸ್ತಕವನ್ನು ಎದೆಗೊತ್ತಿಕೊಂಡು ಏನೋ ಹೇಳಹೊರಟು ತುಟಿ ಕಚ್ಚಿಕೊಳ್ಳುತ್ತಿದ್ದಳು. ನನಗೆ ಸಂಶಯ ಬಂತು.

“ನಿನಗೆಂತಾದರೂ ಗೊತ್ತುಂಟಾ?”

“ಗೊತ್ತುಂಟು… ಇಲ್ಲ… ಅಪ್ಪಾ, ನೆವ್ರಿ…”

“ಇಲ್ಲಿ ನನ್ನ ಮಾನ ಹೋಗ್ತಾ ಉಂಟು, ನಿನಗೆ ನೆವ್ರಿಯ ಚಿಂತೆ!”

ಸದ್ದು ಕೇಳಿ ಸ್ವರ್ಣಲತಾ ಬಂದಳು. ಬಣ್ಣ ಹತ್ತಿದ ಅಂಗಿ ನೋಡಿದಳು, ಕೆಸರಾದ ಜಗಲಿ ನೋಡಿದಳು.

“ಬಾಯಮ್ಮನಿಗೆ ಒಂದು ಫೋನ್ ಮಾಡಿ ಕೇಳಿ.”

“ಎಂತ ಕೇಳುವುದು? ನಿಮ್ಮ ಯೇಸುವನ್ನು ಕಳೆದುಹಾಕಿದ್ದೇವೆ, ಹಬ್ಬ ಚೆನ್ನಾಗಿ ಮಾಡಿ ಅಂತಲಾ?”

“ಬೆಕ್ಕು ಕಚ್ಚಿಕೊಂಡು ಹೋಯಿತಾ ಏನೋ.”

“ಬೇರೆ ತರುತ್ತೇನೆ! ನಾನು ಒಮ್ಮೆ ನಿಶ್ಚಯ ಮಾಡಿದೆನೆಂದರೆ…”

“ಮುಗಿಯಿತು,” ಎಂದಳು.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ, ಬಿ.ಸಿ.ರೋಡಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ನೌಫಲನ ಮುಂದೆ ನಿಂತೆ.

“ಸೆಟ್ ಮಾತ್ರ ಉಂಟು ಸಾರ್. ಮಗುವನ್ನು ಮಾತ್ರ ನಿಮಗೆ ಕೊಟ್ಟರೆ ಉಳಿದವರನ್ನು ಯಾರು ತಕೊಳ್ತಾರೆ?” ಎಂದ. ನ್ಯಾಯವಾದ ಪ್ರಶ್ನೆ! ನನ್ನ ಮುಖ ನೋಡಿ ಅವನಿಗೇ ಅಯ್ಯೋ ಅನಿಸಿರಬೇಕು, ನಾಲ್ಕು ಕಡೆ ಫೋನ್ ಮಾಡಿ, “ಮೂಡುಬಿದಿರೆಯ ಒಂದು ಅಂಗಡಿಯಲ್ಲಿ ಒಂದೇ ಒಂದು ಉಂಟಂತೆ, ಬೇಗ ಹೋಗಿ,” ಎಂದ. ಸಿದ್ಧಕಟ್ಟೆಯ ದಾರಿಯಲ್ಲಿ ನನ್ನ ಸ್ಕೂಟರ್ ಹಾರಿದ್ದನ್ನು ನೋಡಿದವರು ಮನೆಯಲ್ಲಿ ಹೆರಿಗೆ ಎಂದೇ ತಿಳಿದಿರಬೇಕು. ಒಂದರ್ಥದಲ್ಲಿ ಹೌದು ಕೂಡ!

ಮೂಡುಬಿದಿರೆಯಲ್ಲಿ ಮಗು ಸಿಕ್ಕಿತು. ಗುಂಡುಗುಂಡಾಗಿ ಮುದ್ದಾಗಿತ್ತು. ಮನೆಗೆ ತಂದು ಗೋದಲಿಯಲ್ಲಿಟ್ಟ ಮೇಲೆಯೇ ಅದರ ಗಾತ್ರ ನನ್ನ ಗಮನಕ್ಕೆ ಬಂದದ್ದು. ಮಗು ತಾಯಿಗಿಂತ ಎರಡು ಪಟ್ಟು ದೊಡ್ಡದು! ಕಾಲುಗಳು ತೊಟ್ಟಿಯಿಂದ ಹೊರಗೆ, ತಲೆ ದನದ ಬೆನ್ನ ಮೇಲೆ.

“ಒಳ್ಳೆ ಪೋಷಣೆ ಆಗಿದೆ,” ಎಂದಳು ಸ್ವರ್ಣಲತಾ.

ಹುಲ್ಲು ಮುಚ್ಚಿ ಸ್ವಲ್ಪ ಸಣ್ಣದು ಮಾಡಲು ಹೆಣಗುತ್ತಿದ್ದೆ, ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬಾಯಮ್ಮ! ಕೈಚೀಲ ಕೆಳಗಿಟ್ಟು ಗೋದಲಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಮಗುವನ್ನು ನೋಡಿದರು.

“ಇದು ಯಾರು ಮಾರಾಯ್ರೇ?”

ನಾನು ತಲೆ ತಗ್ಗಿಸಿ, ಮಗು ಕಾಣೆಯಾದಲ್ಲಿಂದ ಹಿಡಿದು ಮೂಡುಬಿದಿರೆಯವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಬಾಯಮ್ಮ ಸೀದಾ ಒಳಗೆ ಹೋದರು. ಅಳಲು ಹೋದರೆಂದೇ ನಾನು ಎಣಿಸಿದ್ದು. ಕಪಾಟಿನ ಬಾಗಿಲ ಸದ್ದಾಯಿತು. ಹೊರಗೆ ಬಂದಾಗ ಅವರ ಅಂಗೈಯಲ್ಲಿ ಬಿಳಿ ಕರವಸ್ತ್ರ, ಕರವಸ್ತ್ರದೊಳಗೆ ಹೆಬ್ಬೆರಳಿನಷ್ಟು ಪುಟ್ಟ ಬಾಲಯೇಸು!

“ಇವತ್ತು ರಾತ್ರಿ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆಯೇ ಮಗುವನ್ನು ಮಲಗಿಸುವುದು. ಅಷ್ಟರವರೆಗೆ ತೊಟ್ಟಿ ಖಾಲಿ ಇರಬೇಕು. ಇನ್ನೂ ಹುಟ್ಟಲೇ ಇಲ್ಲ ಮಾರಾಯ್ರೇ, ನೀವು ಕಳೆದುಹಾಕಿದ್ದು ಹೇಗೆ!”

ಆಮೇಲೆ ಅವರು ನಕ್ಕದ್ದು ನೋಡಬೇಕು! ಜಗಲಿಯ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ನನ್ನ ದೈತ್ಯ ಮಗುವಿನ ತಲೆ ಸವರಿ, “ನನ್ನ ಗೋದಲಿಗಾಗಿ ಯಾರು ಇಷ್ಟು ಓಡಿದ್ದಾರೆ? ಇದು ನಿಮ್ಮ ಮನೆಯಲ್ಲಿರಲಿ. ನಮ್ಮಲ್ಲಿ ಮನೆಯ ಅತಿ ಸಣ್ಣವರು ಮಗುವನ್ನು ಮಲಗಿಸುವುದು ಕ್ರಮ. ನಾನು, ನನ್ನ ಗಂಡ ಇಬ್ಬರೇ, ಐವತ್ತೆಂಟು ವರ್ಷದ ನಾನೇ ಸಣ್ಣವಳು! ಈ ಸಲ ನಾಳೆ ಬೆಳಿಗ್ಗೆ ರಂಜಿತ್ ಮಲಗಿಸಲಿ,” ಎಂದರು. ಒಂದು ಬೈಗುಳವಿಲ್ಲ, ಬಣ್ಣ ಕಳೆದುಕೊಂಡ ಜ್ಞಾನಿಯ ಬಗ್ಗೆ ಒಂದು ಮಾತಿಲ್ಲ. ಅಂಥ ದೊಡ್ಡ ಮನಸ್ಸು!

“ಈ ಕ್ರಮ ಪುಸ್ತಕದಲ್ಲಿ ಇರಲಿಲ್ವಾ?” ಎಂದು ಕೇಳಿದಳು ಸ್ವರ್ಣಲತಾ.

ಪ್ರಾಪ್ತಿ ಮೆಲ್ಲಗೆ ಪುಸ್ತಕ ಬಿಡಿಸಿದಳು. ಇಪ್ಪತ್ತನಾಲ್ಕನೇ ಕಥೆಯ ತಲೆಬರಹ ದಪ್ಪ ಅಕ್ಷರದಲ್ಲಿ ಎದ್ದು ಕಾಣುತ್ತಿತ್ತು: ‘ಗೋದಲಿಯ ತೊಟ್ಟಿ ಯಾಕೆ ಖಾಲಿ?’

“ಇದು ನಿನಗೆ ಯಾವಾಗ ಗೊತ್ತಾದದ್ದು?” ಎಂದೆ.

“ಒಂದನೇ ತಾರೀಕಿಗೆ. ನಾನು ಅವತ್ತೇ ಇಡೀ ಓದಿದ್ದೇನೆ.”

“ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ!”

“ಮುಂದಿನ ಪುಟ ನೋಡಿದವರಿಗೆ ನೆವ್ರಿ ಇಲ್ಲ ಅಂತ ನೀನೇ ಹೇಳಿದ್ದಲ್ವಾ ಅಪ್ಪಾ?”

ಬಾಯಮ್ಮ ಆ ಕ್ಷಣವೇ ಒಳಗಿನಿಂದ ತಟ್ಟೆ ತುಂಬ ನೆವ್ರಿ ತಂದು ಅವಳ ಮಡಿಲಲ್ಲಿಟ್ಟರು. ಬೆಳಗಿನಿಂದ ಏನೂ ತಿನ್ನದೆ ಅಲೆದಿದ್ದ ನಾನೂ ಕೈ ಚಾಚಿದೆ. ಪ್ರಾಪ್ತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ಪುಸ್ತಕವನ್ನು ನನ್ನ ಕೈಗಿತ್ತಳು.

“ಇವತ್ತಿನ ಕಥೆ ಬಾಕಿ ಉಂಟು. ಓದಿದ ಮೇಲೆ ಕೊಡ್ತೇನೆ.”