ಮೂರು ನಿಮಿಷದ ಮಾತಿಗೆ ಅನುಮತಿ

ಗಡಿಯಾಚೆಯ ಭಾಷೆಯಲ್ಲಿ ಮಕ್ಕಳು ಆಡುವ ಮಾತು ಮೂರು ನಿಮಿಷ ಮೀರತಕ್ಕದ್ದಲ್ಲ ಮತ್ತು ಆ ಮೂರು ನಿಮಿಷವೂ ಶಿಕ್ಷಣ ಕಚೇರಿಯ ಸ್ವತ್ತಾಗಿರತಕ್ಕದ್ದು ಎಂಬ ನಿಯಮ ಜಾರಿಗೆ ಬಂದ ದಿನವೇ ಭಾಷಾ ಟೀಚರು ತಮ್ಮ ಮಕ್ಕಳ ಹನ್ನೊಂದು ವಿಡಿಯೊಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅನುಮತಿಯ ಸಹಿಗಾಗಿ ಕಚೇರಿಯ ಮೆಟ್ಟಿಲು ಹತ್ತಿದರು.

ಇಪ್ಪತ್ತೆರಡು ವರ್ಷದಿಂದ ನೆರೆದೇಶದ ಭಾಷೆ ಕಲಿಸುತ್ತಿದ್ದ ಟೀಚರಿಗೆ ಅದನ್ನು ಆ ದೇಶದವರ ಜೊತೆ ಆಡುವ ಭಾಗ್ಯ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಆಚೆಯ ಶಾಲೆಯೊಂದು ಇವರ ಭಾಷೆ ಕಲಿಯುತ್ತಿತ್ತು. ಅಲ್ಲಿನ ಮಕ್ಕಳು ಇವರ ಭಾಷೆಯಲ್ಲಿ ವಿಡಿಯೊ ಕಳಿಸಬೇಕು, ಇಲ್ಲಿನವರು ಅವರ ಭಾಷೆಯಲ್ಲಿ ಉತ್ತರಿಸಬೇಕು, ಇಷ್ಟೇ ಏರ್ಪಾಡು. ಮೊದಲ ವಿಡಿಯೊ ನಿಯಮ ಹುಟ್ಟುವ ಮೊದಲೇ ಬಂದುಬಿಟ್ಟಿತ್ತು. ಅದರಲ್ಲಿ ಬಸ್ಸು ಓಡಿಸುವ ಹೆಂಗಸಿನ ಮಗಳು ತಡವರಿಸುತ್ತ ಕೇಳಿದ್ದಳು: "ನನ್ನ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಿಮ್ಮಲ್ಲಿ ಅಣ್ಣ ಮಾತು ಬಿಟ್ಟರೆ ಏನು ಮಾಡುತ್ತೀರಿ?"

ಉತ್ತರ ಹೇಳಿದವಳು ದರ್ಜಿಯ ಮಗಳು. ಅರಳು ಹುರಿದಂತೆ ಮಾತಾಡುವ ಅವಳನ್ನು ತರಗತಿಯಲ್ಲಿ 'ರೇಡಿಯೊ' ಎಂದೇ ಕರೆಯುತ್ತಿದ್ದರು.

ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರು 'ರೇಡಿಯೊ' ಹುಡುಗಿಯ ವಿಡಿಯೊವನ್ನು ಎರಡು ಸಲ ನೋಡಿ, ಕನ್ನಡಕ ತೆಗೆದಿಟ್ಟರು.

"ಏನಂತಾಳೆ ಈ ಮಗು?"

"ಅಣ್ಣನ ಚಪ್ಪಲಿ ಬಚ್ಚಿಡು, ಹುಡುಕೋಕಾದ್ರೂ ಬಾಯಿ ಬಿಡ್ತಾನೆ ಅಂತಾಳೆ ಸಾರ್."

"ಹಾಗಂತ ನೀವು ಹೇಳ್ತೀರಿ."

"ನನಗೆ ಆ ಭಾಷೆ ಬರುತ್ತಲ್ಲಾ ಸಾರ್."

"ಅದೇ ತೊಂದರೆ ಆಗಿರೋದು. ಕಲಿಸಿದವರು ನೀವೇ, ಅಂದ್ರೆ ಹಿತಾಸಕ್ತಿ ಉಳ್ಳವರು. ನಿಮ್ಮ ಮಾತು ನಂಬೋ ಹಾಗಿಲ್ಲ. ನಮಗೆ ಭಾಷೆ ಬರಲ್ಲ, ನಾವು ಸಹಿ ಹಾಕೋ ಹಾಗಿಲ್ಲ. ಭಾಷೆ ಬರೋರು, ಆದ್ರೆ ನಿಮಗೆ ಸಂಬಂಧ ಇಲ್ಲದೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ."

ಅಂಥವರು ಊರಲ್ಲಿ ಯಾರೂ ಇರಲಿಲ್ಲ. ಇಲ್ಲವೆಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಲು ಕಚೇರಿಗೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಮಕ್ಕಳ ಉತ್ಸಾಹಕ್ಕೆ ಭಂಗ ಬರಬಾರದೆಂಬ ಕಳಕಳಿಯಿಂದ, ಧ್ವನಿಯನ್ನು ತೆಗೆದು ವಿಡಿಯೊಗಳನ್ನು ಕಳಿಸಲು ತಾತ್ಕಾಲಿಕ ಅನುಮತಿ ದೊರೆಯಿತು. ಹನ್ನೊಂದು ಮಕ್ಕಳು ಬಾಯಿ ತೆರೆದು ಮುಚ್ಚಿದ್ದು ಸುಗಮವಾಗಿ ಗಡಿ ದಾಟಿತು. ಆಚೆಯಿಂದಲೂ ಸದ್ದಿಲ್ಲದ ಹನ್ನೊಂದು ವಿಡಿಯೊಗಳು ಬಂದವು. ಅಲ್ಲೂ ಒಂದು ಕಚೇರಿ ಇತ್ತು.

ರೇಡಿಯೊ ಬಸ್ಸಿನವಳ ಮಗಳ ಮುಖವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು.

"ಟೀಚರ್, ಇವಳು ಹಾಡ್ತಿದ್ದಾಳೋ ಅಳ್ತಿದ್ದಾಳೋ ಗೊತ್ತೇ ಆಗ್ತಿಲ್ಲ."

ಟೀಚರಿಗೂ ಗೊತ್ತಾಗಲಿಲ್ಲ. ಮರುದಿನ ಕಚೇರಿಗೆ ಹೋದವರು ಜೀವಮಾನದಲ್ಲೇ ಮೊದಲ ಬಾರಿಗೆ ಮೇಜು ಗುದ್ದಿದರು.

"ಹಾಗಾದ್ರೆ ನಿಮಗೇ ಕಲಿಸಿಬಿಡ್ತೀನಿ ಸಾರ್ ಆ ಭಾಷೆ! ಆಗಲಾದ್ರೂ ಸಹಿ ಹಾಕ್ತೀರಾ?"

ಸಿಟ್ಟಿನಲ್ಲಿ ಆಡಿದ ಈ ಮಾತನ್ನು ಗುಮಾಸ್ತರು 'ಶಿಕ್ಷಕಿಯ ಪ್ರಸ್ತಾವನೆ' ಎಂದು ಬರೆದುಕೊಂಡರು. ಸಾಹೇಬರು ಅದನ್ನು ಅಲ್ಲೇ ಅನುಮೋದಿಸಿದರು.

ಸೋಮವಾರದಿಂದ ತರಗತಿ ಶುರುವಾಯಿತು. ಹನ್ನೊಂದು ಮಂದಿ ಅಧಿಕಾರಿಗಳು ಬೆಂಚುಗಳಲ್ಲಿ ಕೂತರು. ಜಾಗ ಸಾಲದ್ದರಿಂದ ಮಕ್ಕಳನ್ನು ಜಗಲಿಗೆ ಸ್ಥಳಾಂತರಿಸಲಾಯಿತು. ಮಕ್ಕಳ ಬೆಂಚಿನಲ್ಲಿ ಸಾಹೇಬರ ಕಾಲು ಹಿಡಿಸುತ್ತಿರಲಿಲ್ಲ. ಹೀಗಾಗಿ ಅವರು ತಪ್ಪಿಲ್ಲದೆ ಕಲಿತ ಮೊದಲ ವಾಕ್ಯ, "ನನ್ನ ಮೊಣಕಾಲು ನೋಯುತ್ತಿದೆ." ವರ್ಷದ ಕೊನೆಯಲ್ಲಿ ಕಚೇರಿಯೇ ಪರೀಕ್ಷೆ ನಡೆಸಿತು, ಕಚೇರಿಯೇ ಉತ್ತರಪತ್ರಿಕೆ ತಿದ್ದಿತು, ಹನ್ನೊಂದು ಮಂದಿಯೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ಟೀಚರು ಪೆನ್‌ಡ್ರೈವ್ ಹಿಡಿದು ಓಡಿದರು.

"ಈಗ ನಿಮಗೆ ಭಾಷೆ ಬರುತ್ತೆ ಸಾರ್. ನೋಡಿ ಸಹಿ ಹಾಕಿ."

ಸಾಹೇಬರು ನಿಟ್ಟುಸಿರು ಬಿಟ್ಟರು. "ಹೇಗಮ್ಮಾ ಹಾಕೋದು? ಈಗ ನಾವೂ ನಿಮ್ಮ ಶಿಷ್ಯರು. ನಮಗೂ ಹಿತಾಸಕ್ತಿ ಬಂತಲ್ಲ."

ಟೀಚರು ಪೆನ್‌ಡ್ರೈವನ್ನು ವಾಪಸ್ ಚೀಲಕ್ಕೆ ಹಾಕಿಕೊಂಡರು.

"ಬೇಜಾರು ಮಾಡ್ಕೋಬೇಡಿ," ಎಂದರು ಸಾಹೇಬರು. "ನಿಯಮ ಓದಿ ನೋಡಿದೆ. ಆ ಭಾಷೆ ಕಲಿತ ಯಾರೇ ಆದ್ರೂ ವಿದ್ಯಾರ್ಥಿಯೇ. ಅಧಿಕಾರಿ ಆಡಿದ ಮಾತಿಗೆ ಅನುಮತಿ ಬೇಕಿಲ್ಲ. ಅಂದ್ರೆ ವಿದ್ಯಾರ್ಥಿಗಳ ಪೈಕಿ ಈಗಲೇ ಮಾತಾಡಬಹುದಾದವರು ಅಂದ್ರೆ ನಾವೇ."

ಹೀಗೆ ನೇರ ವಿಡಿಯೊ ಸಂವಾದ ಏರ್ಪಾಡಾಯಿತು. ಶಾಲೆಯ ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದರು. ಪರದೆಯ ಮೇಲೆ ಆಚೆಯ ಸೂಪರಿಂಟೆಂಡೆಂಟರು ಮೂಡಿದರು. ಅವರ ಹಿಂದೆ ಹನ್ನೊಂದು ಮಕ್ಕಳು ಕೈಕಟ್ಟಿ ಕೂತಿದ್ದರು.

"ನನ್ನ ಮೊಣಕಾಲು ನೋಯುತ್ತಿದೆ," ಎಂದರು ಈಚೆಯವರು, ಆಚೆಯ ಭಾಷೆಯಲ್ಲಿ.

ಆಚೆಯವರ ಮುಖ ಅರಳಿತು. "ನನ್ನದು ಸೊಂಟ," ಎಂದರು ಈಚೆಯ ಭಾಷೆಯಲ್ಲಿ.

ಚಪ್ಪಾಳೆ ಮೊಳಗಿತು. ಇಬ್ಬರೂ ಎಣ್ಣೆ, ಮುಲಾಮು, ನಿವೃತ್ತಿಯ ವಿಷಯ ಮಾತಾಡುತ್ತ ಮೂರು ನಿಮಿಷದ ಬದಲು ಎರಡು ಗಂಟೆ ಕಳೆದರು. ಟೀಚರ ಕಣ್ಣಲ್ಲಿ ನೀರು ತುಂಬಿತು. ಆಡಿದವರು ಯಾರೇ ಇರಲಿ, ತಾವು ಕಲಿಸಿದ ಭಾಷೆ ಆಚೆಯವರಿಗೆ ಅರ್ಥವಾಗಿತ್ತು. ತಮಗೆ ಸಂತೋಷವಾಯಿತೆಂದು ತಿಳಿದಾಗ ಅವರಿಗೆ ನಾಚಿಕೆಯೂ ಆಯಿತು.

ಯೋಜನೆ ಸಂಪೂರ್ಣ ಯಶಸ್ವಿಯೆಂದು ಎರಡೂ ಸರ್ಕಾರಗಳು ಪ್ರಕಟಿಸಿದವು. ಚಪ್ಪಾಳೆ ತಟ್ಟಿದ ಮಕ್ಕಳಿಗೆ ಪ್ರಮಾಣಪತ್ರ ಸಿಕ್ಕಿತು. ದರ್ಜಿ ತನ್ನ ಮಗಳ ಪತ್ರಕ್ಕೆ ಚೌಕಟ್ಟು ಹಾಕಿಸಿ ಹೊಲಿಗೆಯಂತ್ರದ ಮೇಲಿನ ಗೋಡೆಗೆ ತಗುಲಿಹಾಕಿದ.

ಮರುದಿನ ರೇಡಿಯೊ ಕೇಳಿದಳು, "ಟೀಚರ್, ಕಚೇರೀಲಿ ಕೆಲಸ ಸಿಕ್ಕಿದ್ರೆ ನಾನೂ ಆ ಬಸ್ಸಿನವಳ ಮಗಳ ಜೊತೆ ಮಾತಾಡಬಹುದಲ್ವಾ?"

"ಹೌದಮ್ಮಾ. ಎಲ್ಲ ಸರಿಹೋದ್ರೆ ಇನ್ನು ಹದಿನಾಲ್ಕು ವರ್ಷ."

"ಅಷ್ಟೇನಾ!"

ಟೀಚರು ಭಾಷೆಯ ಪಠ್ಯಪುಸ್ತಕ ಮುಚ್ಚಿಟ್ಟು, ಕರಿಹಲಗೆಯ ಮೇಲೆ ದುಂಡಗೆ ಬರೆದರು: 'ಕಡತ ಮಂಡಿಸುವ ಕ್ರಮ. ಪಾಠ ಒಂದು.' ಹನ್ನೊಂದು ಮಕ್ಕಳೂ ಶ್ರದ್ಧೆಯಿಂದ ನಕಲು ಮಾಡಿಕೊಂಡರು. ಆಚೆಯ ಶಾಲೆಯಲ್ಲಿ ಆಗಲೇ ಮೂರನೇ ಪಾಠ ನಡೆಯುತ್ತಿದೆಯೆಂದು ಅಧಿಕೃತ ಮೂಲಗಳು ತಿಳಿಸಿವೆ.