ಒಲೆ ಸಾಲಿನ ಮೂರನೆಯ ಮಣೆ

ಎಲ್ಲದಕ್ಕೂ ಮೂಲ ಮಹೆಬೂಬನ ಬಾಯಿ. ಮುಂಬಯಿಯಿಂದ ಹೊರಡುವ ಮೋಜಿನ ಹಡಗೊಂದರಲ್ಲಿ ಪ್ರಯಾಣಿಕರಿಗೆ ಊಟ ಬಡಿಸುವ ಕೆಲಸ ಅವನದು. ವರ್ಷಕ್ಕೊಮ್ಮೆ ರಜೆಯ ಮೇಲೆ ಬಸವಕಲ್ಯಾಣಕ್ಕೆ ಬಂದನೆಂದರೆ ಮನೆಯಲ್ಲಿ ಗಂಟು ಇಳಿಸಿ ನೆಟ್ಟಗೆ ಬರುವುದು ಬಸ್ ಸ್ಟ್ಯಾಂಡಿನ ಹಿಂದಿರುವ ಸೂಗಮ್ಮನ ಖಾನಾವಳಿಗೆ. ಜೋಳದ ರೊಟ್ಟಿ ಮುರಿದು ಪುಂಡಿಪಲ್ಯ ಬಾಯಿಗಿಟ್ಟ ಮೇಲೆಯೇ ಅವನಿಗೆ ಊರು ಮುಟ್ಟಿದ ಹಾಗೆ. ಈ ಸಲವೂ ಉಂಡು ಸುಮ್ಮನೆ ಎದ್ದು ಹೋಗಿದ್ದರೆ ನಮ್ಮ ನಾಗನಾಥನಿಗೆ ಈ ಗತಿ ಬರುತ್ತಿರಲಿಲ್ಲ. ಪುಣ್ಯಾತ್ಮ, ಹಡಗಿನ ಸುದ್ದಿ ತೆಗೆದ.

“ಸೂಗವ್ವಾ, ಹಡಗದಾಗ ಊಟಕ್ಕ ಎರಡು ಪದ್ಧತಿ ಅವ ನೋಡು. ಒಂದು, ಹತ್ತಿದ ದಿನಾನೇ ಒಂದು ಟೇಬಲ್ಲು, ಒಂದು ಕುರ್ಚಿ ಕೊಟ್ಟು ಬಿಡ್ತಾರ. ದಂಡಿ ಮುಟ್ಟೋತನ ಅದೇ ಕುರ್ಚಿ, ಅದೇ ಬಾಜೂದವ್ರು, ಬಡಿಸಾಂವನೂ ಅವನೇ. ಬಾಜೂದಾಂವ ಸೊರ್ ಸೊರ್ ಅಂತ ಸಾರು ಕುಡದ್ರೂ ನೀ ಸಹಿಸ್ಕೋಬೇಕು. ಇನ್ನೊಂದು ಖುಲ್ಲಾ ಪದ್ಧತಿ. ಹಸಿವಾದಾಗ ಬಾ, ಖಾಲಿ ಇದ್ದಲ್ಲಿ ಕೂಡು. ಇವತ್ತ ಒಬ್ಬಾಂವ ಬಡಿಸ್ತಾನ, ನಾಳಿಗಿ ಇನ್ನೊಬ್ಬಾಂವ. ಈಗ ದೊಡ್ಡ ದೊಡ್ಡ ಮಂದಿಯೆಲ್ಲ ಇದನ್ನೇ ಕೇಳಾಕತ್ತಾರ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸೂಗಮ್ಮನ ಅಣ್ಣನ ಮಗಳು, ಮಂಠಾಳದ ಶಕುಂತಲಾ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಅಂದ್ರ ಇಷ್ಟು ದಿನ ಒಂದು ಸಾಲಿನಾಗ ಕುಂತಾಂವ ಇನ್ನೊಂದು ಸಾಲಿಗೆ ಬರಬಹುದೇನ್ರಿ ಕಾಕಾ?”

“ಬರಬಹುದವ್ವಾ. ಯಾರೂ ಯಾಕ ಅಂತ ಕೇಳಂಗಿಲ್ಲ.”

ಅವಳು ಮತ್ತೆ ರೊಟ್ಟಿ ಬಡಿಯಲು ಹೋದಳು. ಆದರೆ ಆ ರಾತ್ರಿಯೆಲ್ಲ ಒಳಗೆ ಅತ್ತೆ ಸೊಸೆಯ ಗುಸುಗುಸು ನಡೆಯಿತು. ಮರುದಿನ ಬೆಳಿಗ್ಗೆ ಸೂಗಮ್ಮ ಸೆರಗು ಸಿಕ್ಕಿಸಿಕೊಂಡು ಸಾರಿಯೇಬಿಟ್ಟಳು. “ಇವತ್ತಿನಿಂದ ನಂದೂ ಖುಲ್ಲಾ ಪದ್ಧತಿ. ಯಾರ ಮಣಿ ಯಾರದೂ ಅಲ್ಲ.”

ಅದುವರೆಗೆ ಸೂಗಮ್ಮನ ಖಾನಾವಳಿಯಲ್ಲಿ ಎದುರುಬದುರು ಎರಡು ಸಾಲು. ಅಡುಗೆಮನೆಗೆ ಹತ್ತಿದ್ದು ಒಲೆ ಸಾಲು, ಆಚೆಯದು ಗೋಡೆ ಸಾಲು. ಕಾಯಂ ಗಿರಾಕಿಗಳಿಗೆಲ್ಲ ಕಾಯಂ ಮಣೆ. ಮಂಡಿನೋವಿನ ಸೂಗಮ್ಮ ದೂರ ನಡೆಯಲಾರದೆ ಒಲೆ ಸಾಲಿಗೆ ತಾನು ಬಡಿಸುತ್ತಿದ್ದಳು. ಗೋಡೆ ಸಾಲು ಶಕುಂತಲಾಳ ಪಾಲಿನದು. ಒಲೆ ಸಾಲಿನ ಮೂರನೆಯ ಮಣೆ ತಾಲೂಕು ಕಚೇರಿಯ ಗುಮಾಸ್ತ ನಾಗನಾಥನದು.

ಆ ಮಣೆಯ ಮೇಲೆ ನಾಗನಾಥನ ಪ್ರಾಣವೇ ಇತ್ತು. ಯಾಕೆಂದರೆ ಅವನ ತಾಟಿಗೆ ಬೀಳುವ ಮೊದಲ ರೊಟ್ಟಿಯ ಮೇಲೆ ದಿನವೂ ಒಂದು ಚಮಚ ತುಪ್ಪ ಇರುತ್ತಿತ್ತು. ಬಲಗಡೆಯವನಿಗೆ ಇಲ್ಲ, ಎಡಗಡೆಯವನಿಗೆ ಇಲ್ಲ, ಅವನೊಬ್ಬನಿಗೇ. ಕೇಳಿದ್ದಿಲ್ಲ, ಬೇಡಿದ್ದಿಲ್ಲ. ಇದು ಶಕುಂತಲಾಳ ಮನಸ್ಸಲ್ಲದೆ ಇನ್ನೇನು? ಒಳಗೆ ಅವಳು ಹಚ್ಚಿ ಕಳಿಸುತ್ತಾಳೆ, ಅತ್ತೆ ತಂದು ಹಾಕುತ್ತಾಳೆ, ಅಷ್ಟೇ. ಹಾಗಾದರೆ ಊರವರಿಗೆಲ್ಲ ಬಡಿಸುವ ಹುಡುಗಿ ತನ್ನ ಸಾಲಿಗೆ ಯಾಕೆ ಬರುವುದಿಲ್ಲ? ನಾಚಿಕೆ! ಅದೂ ಪ್ರೀತಿಯ ಗುರುತೇ. ಪ್ರೀತಿ ಹತ್ತಿದವನ ಲೆಕ್ಕಾಚಾರ ಹೀಗೇ ಇರುತ್ತದೆ, ಯಾವ ಕಡೆಯಿಂದ ಕೂಡಿಸಿದರೂ ಉತ್ತರ ಒಂದೇ. ಅಡುಗೆಮನೆಯ ಬಾಗಿಲಲ್ಲಿ ಅವಳ ಸೀರೆಯ ಅಂಚು ಸುಳಿದರೆ ಸಾಕು, ನಮ್ಮ ನಾಗನಾಥ ಬ್ಯಾಳಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬುದನ್ನೂ ಮರೆಯುತ್ತಿದ್ದ.

ತಂದೆಯಿಲ್ಲದ ಹುಡುಗ. ಮದುವೆಯ ಮಾತು ತೆಗೆಯಬೇಕಾದವರು ಹುಮನಾಬಾದಿನ ಸೋದರಮಾವ ಮಹಾರುದ್ರಪ್ಪ. ಅವರದು ಧಾನ್ಯದ ಅಡತಿ. ತೊಗರಿಯನ್ನು ಕೈಯಲ್ಲಿ ಹಿಡಿದು ನೋಡದೆ ಮಾತಾಡುವ ಮನುಷ್ಯರಲ್ಲ. “ಹುಡುಗಿ ಮನಸ್ಸು ಗೊತ್ತಿಲ್ಲದೆ ನಾ ಯಾರ ಮನಿ ಬಾಗಿಲಿಗೂ ಹೋಗಾಂವಲ್ಲ. ತುಪ್ಪ ಬೀಳ್ತದಂತಿ. ಆ ತುಪ್ಪಾ ನಾ ಕಣ್ಣಿಲೆ ನೋಡಬೇಕು,” ಅಂದಿದ್ದರು. ಅವರು ಬರುವ ದಿನ ಅವತ್ತೇ, ಮಧ್ಯಾಹ್ನದ ಬಸ್ಸಿಗೆ.

ನಾಗನಾಥ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಖಾನಾವಳಿಗೆ ಬಂದ. ಅವನ ಮಣೆಯ ಮೇಲೆ ಬಟ್ಟೆ ಅಂಗಡಿಯ ತುಳಜಾರಾಮ ಕೂತಿದ್ದ. ಕೂತಿದ್ದ ಅನ್ನುವುದಕ್ಕಿಂತ ಮಣೆ ಕಾಣದ ಹಾಗೆ ಹರಡಿಕೊಂಡಿದ್ದ.

“ತುಳಜಾರಾಮಜೀ, ಇದು ನನ್ನ ಜಾಗಾ ಅಲ್ರೀ?”

“ಇತ್ತು. ಇವತ್ತಿನಿಂದ ಖುಲ್ಲಾ. ಕೇಳ್ರಿ ಸೂಗವ್ವನ್ನ.”

“ಖರೇರಿ ನಾಗನಾಥಪ್ಪಾ,” ಸೂಗಮ್ಮ ಒಳಗಿನಿಂದಲೇ ಕೂಗಿದಳು. “ಅಲ್ಲಿ ಗೋಡಿ ಸಾಲಿನಾಗ ಖಾಲಿ ಅದ, ಹೋಗಿ ಕೂಡ್ರಿ. ಛಲೋ ಗಾಳಿ ಬರ್ತದ.”

ಗಾಳಿ ಯಾರಿಗೆ ಬೇಕಾಗಿತ್ತು? ಮಾವನ ಬಸ್ಸು ಯಾವ ಗಳಿಗೆಯಲ್ಲಾದರೂ ಬರಬಹುದು. ತುಳಜಾರಾಮನ ಊಟವಾದರೋ ಎತ್ತು ಮೆಲುಕು ಹಾಕಿದ ಹಾಗೆ. ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಒಂದು ನಿದ್ದೆ ತೆಗೆಯಬಹುದು. ನಾಗನಾಥ ತಲೆ ಓಡಿಸಿದ. ತುಳಜಾರಾಮ ಮಾಲು ತರಲು ಹೈದರಾಬಾದಿಗೆ ಹೋಗುವವನಿದ್ದ ಎಂದು ಕೇಳಿದ ನೆನಪಿತ್ತು. ಹೊರಗೆ ಹೋಗಿ, ಬಾಗಿಲಲ್ಲಿ ಮುಖ ಹಾಕಿ ಗಂಟಲು ಹರಿಯುವ ಹಾಗೆ ಕೂಗಿದ.

“ಹೈದರಾಬಾದ್ ಬಸ್ ಬಿಡಾಕತ್ತದ್ರೋ!”

ತುಳಜಾರಾಮ ತಲೆಯನ್ನೂ ಎತ್ತಲಿಲ್ಲ. ಆದರೆ ಗೋಡೆ ಸಾಲಿನಲ್ಲಿ ಕೂತಿದ್ದ ಪ್ರಯಾಣಿಕರು ರೊಟ್ಟಿ ಕೈಯಲ್ಲೇ ಹಿಡಿದು ದಡಬಡ ಎದ್ದರು. ಒಬ್ಬ ಬ್ಯಾಳಿಯ ಬಕೀಟು ಎಡವಿದ. ಒಬ್ಬ ತನ್ನ ಚಪ್ಪಲಿ ಬಿಟ್ಟು ಇನ್ನೊಬ್ಬನ ಚಪ್ಪಲಿ ಮೆಟ್ಟಿಕೊಂಡು ಓಡಿದ. ನೀರಿನ ತಂಬಿಗೆಗಳು ಗಡಗಡ ಉರುಳಿ ಒಲೆ ಸಾಲಿನವರೆಗೆ ಬಂದವು.

“ನಾ ಹೋಗಾಂವ ನಾಳಿಗಿ,” ತುಳಜಾರಾಮ ಇನ್ನೊಂದು ತುತ್ತು ಮುರಿದ.

ಬಸ್ ಸ್ಟ್ಯಾಂಡಿಗೆ ಓಡಿದವರು ಅಲ್ಲಿ ಬಸ್ಸಿಲ್ಲದ್ದು ಕಂಡು ಉರಿಯುತ್ತ ಮರಳಿ ಬಂದರು. ಅಷ್ಟರಲ್ಲಿ ಅವರ ಮಣೆಗಳಲ್ಲಿ ಬೇರೆ ಯಾರೋ ಕೂತು ಉಣ್ಣುತ್ತಿದ್ದರು. ಖುಲ್ಲಾ ಪದ್ಧತಿ! “ಏ, ಅದು ನನ್ನ ತಾಟು!” “ನಿನ್ನ ಹೆಸರು ಬರದದೇನು?” “ಅರ್ಧಾ ರೊಟ್ಟಿ ನಂದದ, ಇಡು ಕೆಳಗ!” ಅವತ್ತೂ ಉಣ್ಣಲು ಬಂದಿದ್ದ ಮಹೆಬೂಬ ನಡುವೆ ನಿಂತು, “ಹಡಗದಾಗ ಹಿಂಗ ಆಗಂಗಿಲ್ರೋ, ಶಾಂತಿ, ಶಾಂತಿ,” ಎಂದು ಎರಡೂ ಕೈ ಎತ್ತಿದರೆ ಅವನ ತಲೆಯ ಮೇಲೇ ಮಜ್ಜಿಗೆ ಚೆಲ್ಲಿತು.

ಈ ಗದ್ದಲದೊಳಕ್ಕೆ ರುಮಾಲು ಸರಿಪಡಿಸಿಕೊಳ್ಳುತ್ತ ಮಹಾರುದ್ರಪ್ಪ ಬಂದರು. ಸರಿಯಾಗಿ ಅದೇ ಗಳಿಗೆಗೆ ತುಳಜಾರಾಮ ತೇಗಿ ಮೇಲೆದ್ದ. ನಾಗನಾಥ ಹಾರಿದ. ಆದರೆ ಅವನು ಮುಟ್ಟುವ ಮೊದಲೇ ಸೂಗಮ್ಮ, “ಬರ್ರಿ ಯಜಮಾನ್ರ, ಇಲ್ಲಿ ಕೂಡ್ರಿ,” ಎಂದು ಮಾವನನ್ನು ಅದೇ ಮಣೆಗೆ ಕೂಡಿಸಿದಳು. ಹಿರಿಯರನ್ನು ಏಳಿಸುವುದುಂಟೇ? ಹಿಂದಿನವರ ನೂಕಾಟದಲ್ಲಿ ನಾಗನಾಥ ಹೋಗಿ ಗೋಡೆ ಸಾಲಿನ ಒಂದು ಮಣೆಯ ಮೇಲೆ ಕುಸಿದ.

ಅಲ್ಲಿಂದ ಕತ್ತು ಚಾಚಿ ತನ್ನ ಮಣೆಯನ್ನೇ ನೋಡತೊಡಗಿದ. ಮಾವನ ತಾಟು ಖಾಲಿ, ರೊಟ್ಟಿ ಇನ್ನೂ ಬಂದಿಲ್ಲ. ಈಗೇನು ಮಾಡಲಿ ದೇವರೇ? ಅಷ್ಟರಲ್ಲಿ ಪಕ್ಕದಲ್ಲಿ ಬಳೆಯ ಸಪ್ಪಳವಾಯಿತು.

“ಬಿಸಿ ರೊಟ್ಟಿ ಅದ. ಹಾಕ್ಲೇನ್ರಿ?”

“ಬ್ಯಾಡ, ಬ್ಯಾಡ,” ನಾಗನಾಥ ತಿರುಗಿಯೂ ನೋಡದೆ ಕೈ ಆಡಿಸಿದ.

“ಇಲ್ಲಿ ಕುಂತು ಉಂಡ್ರ ಸೇರಂಗಿಲ್ಲೇನ್ರಿ?”

“ಇಲ್ಲಿ ಕೂಡೋ ಹಣೇಬಾರ ನನ್ನ ವೈರಿಗೂ ಬ್ಯಾಡ. ಸರೀರಿ ಆಚಿ, ಅಡ್ಡ ಬರಬ್ಯಾಡ್ರಿ!”

ಬಳೆಯ ಸಪ್ಪಳ ದೂರವಾಯಿತು. ನಾಗನಾಥ ಎದ್ದು ನಿಂತ. ಜನ್ಮದಲ್ಲಿ ಸಾಹೇಬರ ಮುಂದೆ ಕೆಮ್ಮದವನು ಅವತ್ತು ತುಂಬಿದ ಪಂಗತಿಯ ನಡುವೆ ಭಾಷಣ ಮಾಡಿದ.

“ಸೂಗವ್ವಾ, ನೋಡ್ರಿ ಈ ಗತಿ! ಒಬ್ಬನ ರೊಟ್ಟಿ ಇನ್ನೊಬ್ಬನ ಬಾಯಾಗ. ಇದು ಊಟಾ ಏನ್ರಿ, ಸಂತಿ! ಮನಷ್ಯಾಗ ತನ್ನದಂತ ಒಂದು ಜಾಗಾ ಬೇಕು. ಹಡಗಿನ ಮಂದಿಗೆ ನಾಕ್ ದಿನಕ್ಕ ದಂಡಿ ಬರ್ತದ, ಇಳದು ಹೋಗ್ತಾರ. ನಾವು ಎಲ್ಲಿ ಇಳೀಬೇಕ್ರಿ? ನಮ್ಮ ಮಣಿ ನಮಗ ಕೊಡ್ರಿ. ಅದೇ ಮಣಿ, ಅದೇ ಬಾಜೂದವ್ರು, ಬಡಿಸೋ ಕೈಯೂ ಅದೇ ಇರ್ಲಿ!”

ಗದ್ದಲಕ್ಕೆ ಕಾರಣ ಅವನೇ ಎಂಬುದನ್ನು ಎಲ್ಲರೂ ಮರೆತಿದ್ದರು. ಕಾಯಂ ಗಿರಾಕಿಗಳು ಹೋ ಎಂದರು. ತುಳಜಾರಾಮ ಕೂಡ ಎಂಜಲು ಕೈ ಎತ್ತಿದ. ಸೂಗಮ್ಮ ಒಮ್ಮೆ ಅಡುಗೆಮನೆಯ ಕಡೆ ನೋಡಿದಳು.

“ವಿಚಾರ ಮಾಡಿ ಹೇಳ್ರಿ ನಾಗನಾಥಪ್ಪಾ. ನಾಳಿಗಿ ಬಂದು ಬದಲ್ ಮಾಡ್ರಿ ಅಂದ್ರ ನಾ ಕೇಳಾಕಿ ಅಲ್ಲ. ಬರೋ ಯುಗಾದಿತನ ಯಾರೂ ಮಣಿ ಬಿಡಂಗಿಲ್ಲ.”

ಈ ವರ್ಷದ ಯುಗಾದಿಯ ಬೇವಿನ ಟೊಂಗೆ ಬಾಗಿಲಲ್ಲಿ ಇನ್ನೂ ಬಾಡಿರಲಿಲ್ಲ. ನಾಗನಾಥ ಎದೆ ಸೆಟೆಸಿದ. “ಯುಗಾದಿ ಯಾಕ್ರಿ, ಸಾಯೋತನ ಅಲ್ಲೇ ಕೂಡ್ತೀನಿ!”

“ಆತು. ಎಲ್ಲಾರೂ ಕೇಳೀರಿ ಹೌದಲ್ಲೋ? ಹಂಗಾರ ಏಳ್ರಿ, ನಿಮ್ಮ ನಿಮ್ಮ ಮಣಿಗಿ ಹೋಗ್ರಿ.”

ಮಾವ ಪಕ್ಕಕ್ಕೆ ಸರಿದರು. ನಾಗನಾಥ ತನ್ನ ಮಣೆಯ ಮೇಲೆ ಕೂತ. ಅಬ್ಬಾ, ಎಂಥ ಸುಖ! ಸೂಗಮ್ಮ ಬಂದು ರೊಟ್ಟಿ ಹಾಕಿದಳು. ರೊಟ್ಟಿಯ ಮೇಲೆ ತುಪ್ಪ ಹೊಳೆಯುತ್ತಿತ್ತು. ಅವನು ಮಾವನ ಮೊಣಕೈ ತಿವಿದ. ಮಹಾರುದ್ರಪ್ಪ ಬಗ್ಗಿ ನೋಡಿದರು, ಮೂಸಿ ನೋಡಿದರು, ಬೆರಳಿಗೆ ಹಚ್ಚಿ ನಾಲಿಗೆಗೂ ಮುಟ್ಟಿಸಿದರು. ಮಾಲು ಪಾಸಾಯಿತು. ಗಂಟಲು ಸರಿಮಾಡಿಕೊಂಡರು.

“ತಾಯೀ, ಮಾತು ಹೊಸಾದು, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಹುಡುಗಿ ದಿನಾ ನಮ್ಮ ಹುಡುಗನ ರೊಟ್ಟಿಗಿ ತುಪ್ಪಾ ಹಚ್ಚಿ ಕಳಿಸ್ತಾಳಂತ. ನಾನೂ ಕಣ್ಣಿಲೆ ನೋಡ್ದೆ. ಇಬ್ಬರ ಮನಸ್ಸೂ ಕೂಡ್ಯಾವ ಅಂದಮ್ಯಾಲ ನಾವು ಹಿರಿಯರು...”

“ಯಾವ ತುಪ್ಪಾರಿ?” ಸೂಗಮ್ಮ ಕಣ್ಣು ಬಿಟ್ಟಳು. “ಈ ತುಪ್ಪಾ? ಇದು ನಾ ಹಚ್ಚೂದು! ಅದು ಜಂಗಮರ ಮಣಿರಿ. ನಮ್ಮ ಅತ್ತಿ ಕಾಲದಿಂದ ನಡದದ. ಪಂಗತಿ ಕುಂತಾಗ ಆ ಮಣಿ ಮ್ಯಾಲ ಯಾರಿರ್ತಾರ ಅವರೇ ನಮ್ಮ ಪಾಲಿಗೆ ಜಂಗಮರು. ಮೊದಲ್ನೇ ರೊಟ್ಟಿಗಿ ತುಪ್ಪಾ ಹಾಕಿ ಅವರಿಗೆ ಕೊಡೂದು.”

“ಹೌದ್ರಿ, ನನಗೂ ಹಾಕಿದ್ರು,” ಗೋಡೆ ಸಾಲಿನ ತನ್ನ ಕಾಯಂ ಮಣೆಗೆ ಮರಳಿದ್ದ ತುಳಜಾರಾಮ ಹೇಳಿದ. “ನಾ ಉಂಡೆ.”

ಮಹಾರುದ್ರಪ್ಪ ಅಳಿಯನ ಕಡೆ ತಿರುಗಿದರು. “ನಾಗ್ಯಾ, ಇನ್ನೊಂದ್ ಗಳಿಗಿ ನಾ ಇಲ್ಲಿ ಕುಂತಿದ್ರ ಈ ತುಪ್ಪಾ ನನಗ ಬೀಳ್ತಿತ್ತಲ್ಲೋ! ನಿಮ್ಮ ಅತ್ತಿ ಸುಂದರಬಾಯಿಗೆ ನಾ ಏನಂತ ಹೇಳ್ತಿದ್ದೆ?”

ನಾಗನಾಥನ ಬಾಯಲ್ಲಿದ್ದ ರೊಟ್ಟಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಭೂಮಿ ಬಾಯಿ ಬಿಟ್ಟರೆ ಮಣೆಸಮೇತ ಇಳಿದುಬಿಡುತ್ತಿದ್ದ. ಇಷ್ಟು ದಿನ ತಾನು ಪ್ರೀತಿ ಎಂದು ಚಪ್ಪರಿಸಿದ್ದು ಸೂಗಮ್ಮನ ಅತ್ತೆಯ ಕಾಲದ ಹರಕೆಯೇ! ಅವನ ಮುಖ ನೋಡಿ ಸೂಗಮ್ಮನಿಗೆ ಕನಿಕರ ಬಂತು. ಕನಿಕರ ಬಂದದ್ದೇ ತಪ್ಪಾಯಿತು, ಇಲ್ಲದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

“ಹುಡುಗಿಗೆ ನೀವು ಮನಸ್ಸಿಗಿ ಬಂದಿದ್ರಿ ಅನ್ನೂದು ಸುಳ್ಳಲ್ಲ ನಾಗನಾಥಪ್ಪಾ,” ಅಂದಳು. “ಒಂದ್ ದಿನಾನೂ ಉಪ್ಪಿಲ್ಲ, ಕಾರ ಇಲ್ಲ ಅಂತ ತಕರಾರು ಮಾಡದ ಗಿರಾಕಿ ಇವರೊಬ್ಬರೇ ಅಂತಿದ್ಳು. ಆದ್ರ ನೀವು ನನ್ನ ಸಾಲು ಬಿಟ್ಟು ಕದಲಾವ್ರಲ್ಲ, ಅಕಿ ತನ್ನ ಸಾಲು ಬಿಟ್ಟು ಬರಾಕಿ ಅಲ್ಲ. ಮಹೆಬೂಬನ ಮಾತು ಕೇಳಿ ರಾತ್ರೆಲ್ಲ ನನ್ನ ಜೀವ ತಿಂದ್ಳು. ಅತ್ತೀ, ಖುಲ್ಲಾ ಮಾಡು, ಒಂದ್ ದಿನರೆ ಅವರು ನನ್ನ ಸಾಲಿನಾಗ ಕೂಡ್ತಾರ, ನನ್ನ ಕೈಯಿಂದ ಉಣ್ತಾರ ಅಂತ. ಕುಂತ್ರಿ, ಹೌದು. ಅಕಿ ಬಿಸಿ ರೊಟ್ಟಿ ತಂದ್ರ ನೀವು...”

ನಾಗನಾಥನ ಕಿವಿಯಲ್ಲಿ ಆ ಬಳೆಗಳು ಈಗ ಸಪ್ಪಳ ಮಾಡಿದವು.

“ಸೂಗವ್ವಾ,” ಅಳುವ ದನಿಯಲ್ಲಿ ಎದ್ದ, “ನಾ ಗೋಡಿ ಸಾಲಿಗೆ...”

“ಯುಗಾದಿತನ!” ಇಡೀ ಖಾನಾವಳಿ ಒಂದೇ ಬಾಯಲ್ಲಿ ಕೂಗಿತು. ಮಹೆಬೂಬ ಮಜ್ಜಿಗೆ ಒರೆಸಿಕೊಳ್ಳುತ್ತ, “ಕಾಯಂ ಪದ್ಧತಿ ಅಂದ್ರ ಕಾಯಂ ಭಾಯ್. ಹಡಗದಾಗೂ ಹಿಂಗೇ,” ಎಂದು ಸಮಾಧಾನ ಹೇಳಿದ.

ಅಡುಗೆಮನೆಯಿಂದ ಶಕುಂತಲಾ ಬಂದಳು. ಕಣ್ಣು ಕೆಂಪಗಿದ್ದವು, ಹೊಗೆಗೋ ಏನೋ. ನಾಗನಾಥನ ಕಡೆ ನೋಡದೆ ರೊಟ್ಟಿಯ ಬುಟ್ಟಿ ಹಿಡಿದು ಗೋಡೆ ಸಾಲಿಗೆ ನಡೆದಳು.

“ಅತ್ತೀ, ಅವರು ಯುಗಾದಿತನ ತಮ್ಮ ಜಾಗಾದಾಗೇ ಆರಾಮ ಕೂಡ್ಲಿ. ಈ ಸಾಲಿನ ಹಣೇಬಾರ ಅವರ ವೈರಿಗೂ ಬ್ಯಾಡಂತ. ಆಮ್ಯಾಲ ನೋಡಿದ್ರಾತು,” ಅಂದು ಗೋಡೆ ಸಾಲಿನವನ ಮುಂದೆ ಬಗ್ಗಿದಳು. “ಹಾಕ್ಲೇನ್ರಿ?”

“ಹಾಕವ್ವಾ, ಹಾಕು,” ತುಳಜಾರಾಮ ತಾಟು ಮುಂದೆ ಸರಿಸಿ ಎರಡನೆಯ ಸಲ ಉಣ್ಣಲು ಕೂತ. “ಇಲ್ಲಿ ಕುಂತ್ರ ಭಾಳ ಸೇರ್ತದ.”

ಮಹಾರುದ್ರಪ್ಪ ರುಮಾಲು ಸುತ್ತಿಕೊಂಡು ಎದ್ದರು. “ಯುಗಾದಿಗಿ ಬರ್ತೀನಿ ನಾಗ್ಯಾ,” ಎಂದು ಹುಮನಾಬಾದಿನ ಬಸ್ಸು ಹಿಡಿಯಲು ಹೊರಟೇಹೋದರು.

ಸೂಗಮ್ಮ ಕುಂಟುತ್ತ ಬಂದು ಮೂರನೆಯ ಮಣೆಯ ಮುಂದೆ ನಿಂತಳು. ಕೈಯಲ್ಲಿ ತುಪ್ಪದ ಗಿಂಡಿ ಇತ್ತು.

“ಹೋಗ್ಲಿ ಬಿಡ್ರಿ, ಇವತ್ತ ಇನ್ನೊಂದ್ ಚಮಚಾ ಹಾಕ್ತೀನಿ. ಹಿಡೀರಿ ತಾಟು.”

ನಾಗನಾಥ ಹಿಡಿದ.