ಹೊಳೆಯಾಚೆಯ ಕೈವಾಡ

ದೊಡ್ಡ ದೇಶಗಳ ಗುಟ್ಟನ್ನು ಯಾರಾದರೂ ಬಯಲಿಗೆ ಹಾಕಿದಾಗ ಆ ಗುಟ್ಟು ನಿಜವೋ ಸುಳ್ಳೋ ಎಂದು ಕೇಳುವವರು ಕಡಿಮೆ. ಇವನ ಹಿಂದೆ ಯಾವ ದೇಶವಿದೆ, ಇದನ್ನು ಅಚ್ಚು ಹಾಕಿದವನಿಗೆ ಯಾರು ಉಣ್ಣಿಸುತ್ತಾರೆ ಎಂದು ಕೇಳುವವರೇ ಹೆಚ್ಚು. ಪತ್ರಿಕೆಯಲ್ಲಿ ಇಂಥದ್ದು ಬಂದಾಗಲೆಲ್ಲ ನಾನೂ ಚಹಾದಂಗಡಿಯಲ್ಲಿ ಕುಳಿತು, "ಇದರಾಗ ಹೊರಗಿನವರ ಕೈ ಐತ್ರಿ" ಎಂದು ತೀರ್ಪು ಕೊಟ್ಟವನೇ. ತೆಲಸಂಗದ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ತೀರ್ಪು ಕೊಡದಿದ್ದರೆ ಓದಿದ್ದು ಏತಕ್ಕೆ?

ಗಡಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಕಾರ್ಖಾನೆಯ ಹೆಸರು ಬೇಡ. ಘಟಿಕೋತ್ಸವದಲ್ಲಿ ಕರಿ ಗೌನು ತೊಟ್ಟು ತೆಗೆಸಿದ ಫೋಟೋ ನನ್ನ ಮೇಜಿನ ಗಾಜಿನ ಕೆಳಗೆ ಸದಾ ಇರುತ್ತದೆ. ಹೆಸರಿನ ಮುಂದೆ ಬಿ.ಎ. ಸೇರಿಸದೆ ನಾನು ಕೊರಿಯರ್ ಹುಡುಗನ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ಅಪ್ಪ ಕಂಡವರ ಹೊಲದಲ್ಲಿ ಕಬ್ಬು ಕಡಿದು ಓದಿಸಿದ ಡಿಗ್ರಿ ಅದು. ಅದಕ್ಕೇ ಈ ಹಂಗಾಮಿನಲ್ಲಿ ಕಂಡದ್ದನ್ನು ನೋಡಿಯೂ ಸುಮ್ಮನಿರಲಾಗಲಿಲ್ಲ: ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡು ಬಂದ ಕಬ್ಬಿನ ಟ್ರ್ಯಾಕ್ಟರು ನಮ್ಮ ಕಾಟಾದ ಮೇಲೆ ನಿಂತೊಡನೆ ಒಂದು ಟನ್ ಹಗುರಾಗುತ್ತಿತ್ತು. ಎರಡೂ ತೂಕದ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಯೂಟ್ಯೂಬಿನಲ್ಲಿ ಸುದ್ದಿ ನಡೆಸುವ ಒಬ್ಬನಿಗೆ ಕಳಿಸಿದೆ. ಅವನು ಹೊಳೆಯಾಚೆಯ ಮಹಾರಾಷ್ಟ್ರದವನು. ಈಚೆಯವರು ಯಾರೂ ಹಾಕಲು ಒಪ್ಪಲಿಲ್ಲ.

ಸುದ್ದಿ ಬಂತು. ಅದರ ಬುಡದಲ್ಲೇ ಆಚೆಯ ಕಾರ್ಖಾನೆಯ ಜಾಹೀರಾತೂ ಬಂತು: ನಿಮ್ಮ ಕಬ್ಬು ನಮಗೇ ಕಳಿಸಿ! ನಾನು ಯಾರ ಮನುಷ್ಯ ಎಂಬುದು ನನಗೇ ತಿಳಿಯದಾಯಿತು.

ಮರುದಿನ ಕಾರ್ಖಾನೆಯ ಅಧ್ಯಕ್ಷರು ಕರೆಸಿದರು. "ಬಿ.ಎ. ಸಾಹೇಬ್ರ, ಇದು ಆಚೀ ಕಡ್ಯಾವ್ರ ಆಟ. ಅವರಿಗೆ ನಮ್ಮ ಕಬ್ಬು ಬೇಕಾಗೈತಿ. ಒಳಗಿನಾಂವ ಯಾರಂತ ಗೊತ್ತಾತು, ಗೇಟಿನ ವಾಚ್‌ಮನ್ ದುಂಡಪ್ಪ. ಮಗಳನ್ನ ಆ ಕಡೀಗೆ ಕೊಟ್ಟಾನ, ದಿನಾ ಮರಾಠಿಯೊಳಗ ಫೋನ್ ಹಚ್ತಾನ. ಚೌಕಶಿ ವರದಿ ನೀವ ಬರೀರಿ. ನಾಳಿಂದ ಅಂವಾ ಗೇಟಿನ್ಯಾಗ ಕಾಣಬಾರ್ದು."

ಅಧ್ಯಕ್ಷರ ಸೊಸೆಯ ತವರೂ ಆ ಕಡೆಯೇ. ನನ್ನ ಹೆಂಡತಿಯದೂ. ಈ ಲೆಕ್ಕ ಹಿಡಿದರೆ ನಮ್ಮ ಸೀಮೆಯ ಬೀಗರೆಲ್ಲ ಗೂಢಚಾರರೇ.

"ಚೀಟಿ ಖರೇನ ಅದಾವೇನ್ರಿ?" ಎಂದಷ್ಟೇ ಕೇಳಿದೆ.

"ಅದನ್ನ ಯಾರ್ ಕೇಳ್ಯಾರ ನಿಮಗ?"

ಮೇಜಿಗೆ ಬಂದು ಕುಳಿತೆ. ದುಂಡಪ್ಪ ಬಂದು ನಿಂತ. ಅವನ ಮೊಬೈಲಿನಲ್ಲಿ ಅದೇ ಸುದ್ದಿ. "ಸಾಹೇಬ್ರ, ಚೀಟಿ ಬಾಜೂಕ ಗಾಜಿನ ಬುಡಕ ನಿಮ್ಮ ಕರಿ ಗೌನಿನ ತೋಳು ಚಲೋ ಬಂದೈತ್ರಿ."

ಫೋಟೋದ ಮೇಲೆ ಒಂದು ಫೈಲು ಎಳೆದುಕೊಂಡೆ. "ಯಾರಿಗಾರ ಹೇಳೀಯೇನಣ್ಣಾ?"

"ನಾ ಯಾಕ ಹೇಳ್ಲಿ? ನಮ್ಮ ತಮ್ಮನ ಕಬ್ಬೂ ಇದ ಕಾಟಾಕ್ಕ ಬರತೈತಿ." ಹೊರಟವನು ತಿರುಗಿ ನಿಂತ. "ನನ್ನ ಮ್ಯಾಲಿನ ವರದಿ ನೀವ ಬರೀತೀರಂತ, ಚಲೋ ಅಕ್ಷರದಾಗ ಬರೀರಿ. ಕೆಲಸ ಹೋದ್ರೂ ಮಗಳ ಕಡಿಂದ ಓದಿಸ್ಕೊಂಡು ಕೇಳಬೇಕಲ್ಲ!"

ವಿಚಾರಣೆಯ ವರದಿ ಬರೆದೆ. ಆಚೆಯವರಿಗೆ ಇದರಿಂದ ಲಾಭವೇ? ಆಗಿರಬಹುದು. ಸುದ್ದಿ ಹಾಕಿದವನಿಗೂ ಅವರಿಗೂ ನಂಟೇ? ತಿಳಿಯದು. ಆ ಒಂದು ಟನ್ ನಿಜವಾಗಿಯೂ ಇತ್ತೇ? ಇತ್ತು. 'ಚೀಟಿ ಹೊರಗೆ ಕೊಟ್ಟವನ ಹೆಸರು' ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕಿಟಕಿಯಾಚೆ ದುಂಡಪ್ಪ ಗೇಟು ತೆರೆದು ಇನ್ನೊಂದು ಟ್ರ್ಯಾಕ್ಟರನ್ನು ಒಳಗೆ ಬಿಡುತ್ತಿದ್ದ. ಕಣ್ಣು ಮುಚ್ಚಿಕೊಂಡು ನನ್ನ ಹೆಸರು ಬರೆದು, ವರದಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು ಹೊರಬಂದೆ.

ಮೆಟ್ಟಿಲಿಳಿಯುವಾಗ ನೆನಪಾಯಿತು. ಅಲ್ಲಿಯೂ ಹೆಸರಿನ ಮುಂದೆ ಬಿ.ಎ. ಸೇರಿಸಿ, ಅಡಿಗೆರೆ ಎಳೆದಿದ್ದೆ.